ದೊಡ್ಡ ಪರದೆಯ, ದುರಸ್ತಿಗೊಗ್ಗುವ ಲ್ಯಾಪ್‌ಟಾಪು

ಕೊಯಮತ್ತೂರು ಹಾಗೂ ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮಾತಿನ ಕುಟುಂಬಗಳಲ್ಲಿ ನೇಯ್ಗೆಯನ್ನು ಕುಲವೃತ್ತಿಯಾಗಿ ಉಳ್ಳ ದೇವಾಂಗದವರ ಮನೆಗಳು ಬಹಳ. ಸಿರುಮುಗೈ, ನೆಗಮಂ ಮೊದಲಾದ ಊರುಗಳಲ್ಲಿ ಮಗ್ಗದ ಸದ್ದು ಇನ್ನೂ ಅಡಗಿಲ್ಲ. ಇಂಥ ಮನೆಗಳಿಗೆ ಈಗ ಕಂಪ್ಯೂಟರೂ ಬೇಕಾಗಿದೆ: ಮಕ್ಕಳಿಗೆ ಓದಿಗಾಗಿ, ಹಿರಿಯರಿಗೆ ಸೀರೆಯ ಅಂಚು ಸೆರಗುಗಳ ಚಿತ್ತಾರಕ್ಕಾಗಿ. ಒಂದೇ ಯಂತ್ರ ಎರಡಕ್ಕೂ ಒದಗಬೇಕಾದರೆ ಅದು ಹೇಗಿರಬೇಕು, ಅಂಥದು ದೊರೆಯುವುದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ನೇಕಾರನಿಗೆ ಗಣಕವು ಹೊಸ ನೆಂಟನಲ್ಲ. ಫ್ರಾನ್ಸಿನ ಜಾಕಾರ್ಡನು 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕು ಎಂಬುದನ್ನು ತೂತು ಕೊರೆದ ಅಟ್ಟೆಗಳು ನಿರ್ಧರಿಸುತ್ತಿದ್ದವು. ಆ ಅಟ್ಟೆಗಳನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡನು. ಚೌಕಳಿ ಕಾಗದದ ಮೇಲೆ ಒಂದೊಂದು ಮನೆಯನ್ನೂ ತುಂಬಿ ಚಿತ್ತಾರ ಬರೆಯುವವರಿಗೆ ಪರದೆಯ ಚುಕ್ಕಿಗಳು ಅಪರಿಚಿತವಾಗಲಾರವು.

ನಮಗೆ ಬೇಕಾದ ಗುಣಗಳು ನಾಲ್ಕು. ಮೊದಲನೆಯದು ದೊಡ್ಡ ಪರದೆ. ಆಕಾರ ಒಂದೇ ಆಗಿದ್ದರೆ, 14 ಅಂಗುಲದ ಪರದೆಗಿಂತ 16 ಅಂಗುಲದ್ದರಲ್ಲಿ ಸ್ಥಳವು ಶೇಕಡಾ 30ರಷ್ಟು ಹೆಚ್ಚು. ಎರಡನೆಯದು, ಹಿಂದಕ್ಕೆ ಮಡಚಿದರೆ ಸ್ಲೇಟಿನಂತಾಗಿ, ಲೇಖನಿಯಿಂದ ಬರೆಯಲು ಅನುಕೂಲವಾಗಿರಬೇಕು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕಲಿಯುವ ಮಗುವಿಗೆ ಅದರ ಮೇಲೆ ಅಕ್ಷರ ತಿದ್ದಿಸಬಹುದು. ಮೂರನೆಯದು, ಕೆಟ್ಟ ಭಾಗವನ್ನು ಮಾತ್ರ ಬದಲಿಸುವಂತಿರಬೇಕು. ನಾಲ್ಕನೆಯದು, ಲಿನಕ್ಸ್ ತೊಡಕಿಲ್ಲದೆ ನಡೆಯಬೇಕು.

ಲಿನಕ್ಸೇ ಏಕೆ? 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ತಮಿಳುನಾಡಿಗೂ ಇದು ಹೊಸದಲ್ಲ. 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಕೂಡ ಇದ್ದಿತು. ಕನ್ನಡ, ತಮಿಳು ಎರಡರ ಕೀಲಿಮಣೆಗಳನ್ನೂ ಇಟ್ಟುಕೊಂಡು ಒಂದರಿಂದೊಂದಕ್ಕೆ ಕ್ಷಣದಲ್ಲಿ ಹೊರಳಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಉಚಿತವಾಗಿವೆ. ಕ್ರಿಟಾ ಎಂಬ ಚಿತ್ರಲೇಖನದ ಸಾಧನವೂ ಹಾಗೆಯೇ. ಅದರಲ್ಲಿ ಒಂದು ಹೂವನ್ನು ಬರೆಯುತ್ತಿರುವಾಗಲೇ ಸಾಲು ಸಾಲಾಗಿ ಮರುಕಳಿಸಿದರೆ ಹೇಗೆ ಕಾಣುವುದೆಂದು ನೋಡಬಹುದು. ಸೀರೆಯ ಒಡಲು ಬರೆಯುವವರಿಗೆ ಇದಕ್ಕಿಂತ ಹೆಚ್ಚಿನ ಉಪಕಾರವುಂಟೆ? ಅಲ್ಲದೆ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿಗೆ ಹಳತೆನಿಸಿದ ಎಷ್ಟೋ ಗಟ್ಟಿ ಯಂತ್ರಗಳು ಲಿನಕ್ಸಿನಿಂದ ಮತ್ತೆ ಬಾಳಬಲ್ಲವು.

ದುರಸ್ತಿಯ ಮಾತನ್ನು ಕೊಯಮತ್ತೂರಿನವರಿಗೆ ಹೇಳಬೇಕಾದುದೇ ಇಲ್ಲ. ಮೋಟಾರ್ ಸೈಕಲ್ಲೊಂದನ್ನು ಕೊಂಡು, ಬಿಚ್ಚಿ, ಮತ್ತೆ ಜೋಡಿಸಿ ಯಂತ್ರವಿದ್ಯೆಯನ್ನು ಕಲಿತ ಜಿ. ಡಿ. ನಾಯ್ಡು ಅವರ ಊರಿದು. ಪಂಪಿನ ಮೋಟಾರು ಸುಟ್ಟರೆ ಇಲ್ಲಿ ಯಾರೂ ಅದನ್ನು ಎಸೆಯುವುದಿಲ್ಲ. ತಂತಿಯನ್ನು ಹೊಸದಾಗಿ ಸುತ್ತಿಸುತ್ತಾರೆ. ಆದರೆ ತೆಳುವಾದ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯನ್ನು ಅಂಟಿನಿಂದ ಹಿಡಿಸಿ, ಮೆಮೊರಿಯನ್ನು ಮುಖ್ಯ ಫಲಕಕ್ಕೆ ಬೆಸೆದಿದ್ದರೆ ಜಾಣ ಕುಶಲಕರ್ಮಿಯೂ ಕೈಚೆಲ್ಲಬೇಕಾಗುತ್ತದೆ. ಚಿಕ್ಕದೊಂದು ಭಾಗ ಕೆಟ್ಟರೆ ಇಡೀ ಫಲಕದ ಬೆಲೆ ತೆರಬೇಕು.

ನಾಲ್ಕು ಗುಣಗಳೂ ಒಂದೆಡೆ ಸೇರುವುದು ಅಪೂರ್ವ. ದುರಸ್ತಿಯನ್ನೇ ಧ್ಯೇಯವಾಗಿಟ್ಟುಕೊಂಡ ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯು 2025ರಲ್ಲಿ ಮಡಚುವ ಯಂತ್ರವೊಂದನ್ನು ಹೊರತಂದಿತು. ಅದರ ಪರದೆ 12.2 ಅಂಗುಲ ಮಾತ್ರ. ಅದೇ ಕಂಪನಿಯ 16 ಅಂಗುಲದ ಯಂತ್ರವು ಸ್ಲೇಟಿನಂತೆ ಮಡಚುವುದಿಲ್ಲ. ಬೇರೆ ಕಂಪನಿಗಳ ದೊಡ್ಡ ಮಡಚು ಯಂತ್ರಗಳುಂಟು, ಹಲವುಗಳಲ್ಲಿ ಮೆಮೊರಿ ಬೆಸೆದೇ ಇರುತ್ತದೆ. ಕಾರಣ ಸ್ಪಷ್ಟವಾಗಿದೆ. ಪರದೆ ಹಿರಿದಾದಷ್ಟೂ ಸುತ್ತ ತಿರುಗುವ ಕೀಲು ಗಟ್ಟಿಯಾಗಬೇಕು. ಸ್ಪರ್ಶದ ಗಾಜು ತೂಕವನ್ನು ಕೂಡಿಸುತ್ತದೆ. ಆ ತೂಕವನ್ನು ತಗ್ಗಿಸಲು ತಯಾರಕರು ಅಂಟು ಬೆಸುಗೆಗಳನ್ನು ಆಶ್ರಯಿಸುತ್ತಾರೆ. ಎರಡು ಕಿಲೋಗ್ರಾಮಿನ ಸ್ಲೇಟನ್ನು ಒಂದೇ ಕೈಯಲ್ಲಿ ಹಿಡಿದು ಬರೆಯುವುದೂ ಸಾಧ್ಯವಲ್ಲ. ಮೇಜಿನ ಮೇಲಿಟ್ಟೇ ಬಳಸಬೇಕು.

ಹೇಗೂ ಮೇಜಿನ ಮೇಲಿಡುವುದಾದರೆ ಇನ್ನೊಂದು ದಾರಿಯಿದೆ. ಬಿಚ್ಚಲು ಬರುವ, ದೊಡ್ಡ ಪರದೆಯ ಸಾಧಾರಣ ಲ್ಯಾಪ್‌ಟಾಪನ್ನು ಕೊಂಡು, ಲೇಖನಿಯಿಂದ ಬರೆಯುವ ಹಲಗೆಯನ್ನು ಬೇರೆಯಾಗಿ ತಂತಿಯಿಂದ ಜೋಡಿಸಿಕೊಳ್ಳುವುದು. ಹಲಗೆ ಕೆಟ್ಟರೆ ಯಂತ್ರ ಉಳಿಯುತ್ತದೆ, ಯಂತ್ರ ಕೆಟ್ಟರೆ ಹಲಗೆ ಉಳಿಯುತ್ತದೆ. ಕೈ ಒಂದೆಡೆ, ಕಣ್ಣು ಒಂದೆಡೆ ಇರುವುದು ಕೆಲವು ದಿನ ತೊಡಕೆನಿಸಿದರೂ ಅಭ್ಯಾಸದಿಂದ ಸರಿಹೋಗುತ್ತದೆ. ಮಡಚುವುದೇ ಬೇಕೆನ್ನುವವರು 14 ಅಂಗುಲಕ್ಕೆ ತೃಪ್ತರಾಗುವುದು ಲೇಸು.

ಯಾವುದನ್ನು ಕೊಳ್ಳುವುದಾದರೂ ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಅಂಗಡಿಗೆ ಒಯ್ದು, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿಸಿ ನೋಡಬೇಕು. ಲೇಖನಿಯ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುವುದೇ? ಯಂತ್ರವನ್ನು ತಿರುಗಿಸಿದಾಗ ಚಿತ್ರವೂ ತಿರುಗುವುದೇ? ಮಡಚಿದಾಗ ಕೀಲಿಮಣೆ ಸುಮ್ಮನಾಗುವುದೇ? ನಿದ್ರೆಗೆ ಹೋದದ್ದು ಎಚ್ಚರಗೊಳ್ಳುವುದೇ? ತಳದ ಮುಚ್ಚಳ ತಿರುಪುಮೊಳೆಗಳಿಂದ ನಿಂತಿದೆಯೇ, ತಯಾರಕರು ಬಿಡಿಭಾಗಗಳ ಸಂಖ್ಯೆ ಸಹಿತ ದುರಸ್ತಿಯ ಕೈಪಿಡಿಯನ್ನು ಪ್ರಕಟಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ನೇಕಾರರ ಸಹಕಾರ ಸಂಘಗಳನ್ನು ಕಂಡ ನಮಗೆ ಕೊನೆಯ ಸಲಹೆ ಹೊಸದೆನಿಸದು. ನಾಲ್ಕಾರು ಮನೆಯವರು ಕೂಡಿ ಒಂದೇ ಮಾದರಿಯನ್ನು ಕೊಂಡರೆ, ಮುಂದೆ ಒಂದು ಯಂತ್ರ ಪೂರ್ತಿ ಕೆಟ್ಟಾಗ ಅದರ ಪರದೆ, ಕೀಲು, ಕೀಲಿಮಣೆಗಳು ಉಳಿದವುಗಳನ್ನು ಬದುಕಿಸುತ್ತವೆ.