ಸೆಳವಿಗೆ ಎದುರಾಗಿ ಏರುವ ಮೋಟಾರು

ಬೀಳಗಿ ತಾಲ್ಲೂಕಿನ ಬಾಡಗಂಡಿಯನ್ನು ಅಲ್ಲಿನ ಸಕ್ಕರೆ ಕಾರ್ಖಾನೆಯಿಂದಲೂ ಸುತ್ತಲಿನ ಕಬ್ಬಿನ ಹೊಲಗಳಿಂದಲೂ ಗುರುತಿಸುವುದು ರೂಢಿ. ಆದರೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಹರಿದು ಚಿಕ್ಕಸಂಗಮದಲ್ಲಿ ಒಂದಾಗುವ ಈ ಸೀಮೆ ಮಹಾಪೂರದ ದಿನಗಳಲ್ಲಿ ದೋಣಿಯ ಸೀಮೆಯೂ ಹೌದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಹಿಪ್ಪರಗಿ ಬ್ಯಾರೇಜ್ ದಾಟಿ, ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ 1989ರಲ್ಲಿ ಕಟ್ಟಿಕೊಂಡ ಬ್ಯಾರೇಜನ್ನು ಮುಳುಗಿಸಿ, ಗಲಗಲಿಯತ್ತ ಬಂದು ಆಲಮಟ್ಟಿಯ ಹಿನ್ನೀರಿಗೆ ಸೇರುವಾಗ, ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿಯಂಥ ನದಿಪಾತ್ರದ ಊರುಗಳ ನಡುಗಡ್ಡೆಗಳಿಗೆ ದಾರಿ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಗಿ ಬಂದಾಗ, ಅತ್ತ ಘಟಪ್ರಭೆ ಮುಧೋಳದ ಬಡಾವಣೆಗಳಿಗೇ ನುಗ್ಗಿದಾಗ, ಜನರನ್ನು ಪರಿಹಾರ ಕೇಂದ್ರಗಳಿಗೆ ತಲುಪಿಸಿದ್ದು ಸಣ್ಣ ರಬ್ಬರ್ ದೋಣಿಗಳು, ಫೈಬರ್ ದೋಣಿಗಳು ಮತ್ತು ಅವುಗಳ ಬೆನ್ನಿಗೆ ತೂಗುಹಾಕಿದ ಮೋಟಾರುಗಳು.

ದೋಣಿಯ ಒಳಗೆ ಕೂಡಿಸದೆ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಎಂಜಿನ್, ಗೇರು, ಪಂಖ ಮೂರೂ ಒಂದೇ ಕಂಬದಲ್ಲಿ ಇರುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ಅಗ್ನಿಶಾಮಕ ಹಾಗೂ ರಕ್ಷಣಾ ದಳದವರ ಬಾಯಲ್ಲಿ ಅದು ಬರೀ ‘ಓಬಿಎಂ’. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರುಕಟ್ಟೆಯ ಸರಕಾಗಿ ಮಾಡಿದ. ಅವನ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು. ಇಂದು ಸಿಗುವ ಹೆಚ್ಚಿನವು ಯಮಹಾ, ಸುಜುಕಿ, ಟೊಹಾಟ್ಸು, ಮರ್ಕ್ಯುರಿ ಕಂಪನಿಗಳವು. ಹೆಸರುಗಳ ಚರ್ಚೆ ಇಷ್ಟಕ್ಕೇ ಸಾಕು, ಏಕೆಂದರೆ ಹೊಳೆಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಮುಚ್ಚಳದ ಮೇಲಿನ ಹೆಸರಿನಿಂದಲ್ಲ.

ರಕ್ಷಣೆಯ ದೋಣಿಗೆ ವೇಗ ಏಕೆ ಬೇಕು ಎಂಬುದನ್ನು ಮೊದಲು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ. ನೀರನ್ನು ಸೀಳಿಕೊಂಡು ಸಾಗುವ ಯಾವ ದೋಣಿಗಾದರೂ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. 14 ಅಡಿಯ ದೋಣಿ ಹಾಗೆ ಸಾಗುವಾಗ ಗಂಟೆಗೆ ಸುಮಾರು 9 ಕಿ.ಮೀ. ದಾಟುವುದು ಕಷ್ಟ, ಏಕೆಂದರೆ ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಪೂರ ಬಂದ ಹೊಳೆಯ ನಡುವಿನ ಸೆಳವನ್ನು ಸೆಕೆಂಡಿಗೆ 3 ಮೀಟರ್ ಎಂದು ಹಿಡಿದರೂ ಅದು ಗಂಟೆಗೆ 11 ಕಿ.ಮೀ. ಆಗುತ್ತದೆ, ಅಂದರೆ ಎಂಜಿನ್ ಎಷ್ಟೇ ಗುಡುಗಿದರೂ ಅಂಥ ದೋಣಿ ದಡದಿಂದ ನೋಡುವವರ ಕಣ್ಣಿಗೆ ಹಿಂದಕ್ಕೇ ಸರಿಯುತ್ತಿರುತ್ತದೆ. ಬಿದಿರಿನ ಹರಿಗೋಲಿನಲ್ಲಿ ತಲೆತಲಾಂತರದಿಂದ ಹೊಳೆ ದಾಟಿಸಿದ ಅಂಬಿಗರು ಮೇಲ್ಗಡೆ ಬಹು ದೂರ ನಡೆದುಹೋಗಿ ಅಲ್ಲಿಂದ ಹರಿಗೋಲು ಬಿಟ್ಟು, ಸೆಳವಿಗೆ ಒಪ್ಪಿಸಿಕೊಂಡು ಓರೆಯಾಗಿ ಆಚೆ ದಡ ಮುಟ್ಟುತ್ತಿದ್ದುದು ಈ ಲೆಕ್ಕವನ್ನು ಮೈಯಲ್ಲಿ ಅರಿತಿದ್ದರಿಂದಲೇ. ಸೆಳವಿಗೆ ಎದುರಾಗಿ ಏರಬೇಕಾದರೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು, ಮೂತಿ ಎತ್ತಿ, ನೀರಿನ ಮೇಲೆ ಹತ್ತಿ ಜಾರಬೇಕು. ಇದನ್ನು ಪ್ಲೇನಿಂಗ್ ಎನ್ನುತ್ತಾರೆ. ಹಾಗೆ ಹತ್ತಿದ ದೋಣಿಗೆ ಗಂಟೆಗೆ 30 ಕಿ.ಮೀ. ದೊಡ್ಡ ಮಾತಲ್ಲ.

ಹತ್ತುತ್ತದೆಯೋ ಇಲ್ಲವೋ ಎಂಬುದನ್ನು ತೂಕ ತೀರ್ಮಾನಿಸುತ್ತದೆ. ಒಂದು ಅಶ್ವಶಕ್ತಿಗೆ 20ರಿಂದ 25 ಕಿಲೋ ಒಟ್ಟು ಭಾರ ಎಂಬುದು ಸಣ್ಣ ದೋಣಿಗಳಿಗೆ ಒಗ್ಗುವ ಒರಟು ಅಳತೆ. ದೋಣಿ 100 ಕಿಲೋ, 25 ಅಶ್ವಶಕ್ತಿಯ ಮೋಟಾರು 60, ತುಂಬಿದ ಟ್ಯಾಂಕ್ 20, ನಡೆಸುವ ಇಬ್ಬರು 150 ಎಂದಿಟ್ಟುಕೊಂಡರೆ, ಹೋಗುವಾಗ ಒಟ್ಟು 330 ಕಿಲೋ, ಅಂದರೆ ಅಶ್ವಶಕ್ತಿಗೆ 13 ಕಿಲೋ; ದೋಣಿ ಹಾರಿಕೊಂಡೇ ಹೋಗುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ. ಮರಳುವಾಗ ಗಡ್ಡೆಯಿಂದ ನಾಲ್ವರು ಹತ್ತಿದರೆ 570 ಕಿಲೋ, ಅಶ್ವಶಕ್ತಿಗೆ 23 ಕಿಲೋ ಆಗಿ ದೋಣಿ ಮಿತಿಯ ಅಂಚಿಗೆ ಬರುತ್ತದೆ; ಆರು ಮಂದಿ, ಎರಡು ಗಂಟು, ಬಿಟ್ಟು ಬರಲೊಲ್ಲೆ ಎಂದು ಅಪ್ಪಿ ಹಿಡಿದ ಆಡಿನ ಮರಿ ಸೇರಿದರೆ ದೋಣಿ ಮತ್ತೆ ನೀರು ಸೀಳುವ 9 ಕಿ.ಮೀ. ಸ್ಥಿತಿಗೆ ಕುಸಿಯುತ್ತದೆ. ಇದರ ಜೊತೆಗೆ, ಆಲಮಟ್ಟಿ ಹಿನ್ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 520 ಮೀಟರ್ ಎತ್ತರದಲ್ಲಿದ್ದು, ಗಾಳಿ ತೆಳುವಾದಷ್ಟೂ ಎಂಜಿನ್ನಿನ ಶಕ್ತಿ ಇಳಿಯುವುದರಿಂದ, ಕರಾವಳಿಯಲ್ಲಿ ಕೊಡುವ ಬಲದಲ್ಲಿ ಶೇ 5ರಷ್ಟನ್ನು ಇಲ್ಲಿ ಕಳೆದೇ ಎಣಿಸಬೇಕು. ಮೋಟಾರು ಆರಿಸುವವರು ಹೋಗುವ ಖಾಲಿ ದೋಣಿಯನ್ನಲ್ಲ, ತುಂಬಿಕೊಂಡು ಸೆಳವಿಗೆ ಎದುರಾಗಿ ಮರಳುವ ದೋಣಿಯನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕೇ.

ಹಾಗಾದರೆ 40 ಅಶ್ವಶಕ್ತಿಯದ್ದನ್ನೇ ತಂದರಾಯಿತಲ್ಲ ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ 40 ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಮೋಟಾರು ಒಂದು ಕ್ವಿಂಟಲ್‌ಗೆ ಹತ್ತಿರ ತೂಗುತ್ತದೆ. ಪೂರದ ಹೊತ್ತಿನಲ್ಲಿ ದೋಣಿ ನೀರಿಗೆ ಇಳಿಯುವುದು ಕಾಂಕ್ರೀಟಿನ ಧಕ್ಕೆಯಿಂದಲ್ಲ, ಟ್ರ್ಯಾಕ್ಟರ್ ಟ್ರೇಲರ್ ಹೋಗಿ ನಿಂತ ಜಾಗದಿಂದ. ಅಲ್ಲಿಂದ ಮುಂದೆ ಮೊಣಕಾಲುದ್ದದ ಎರೆಮಣ್ಣಿನ ಕೆಸರಿನಲ್ಲಿ ಮೋಟಾರನ್ನು ಹೊತ್ತು ಸಾಗಬೇಕು. 50-60 ಕಿಲೋದ ಯಂತ್ರವನ್ನು ಇಬ್ಬರು ಗಟ್ಟಿಗರು ಹೇಗೋ ಒಯ್ದು ಹಲಗೆಗೆ ಕೂಡಿಸುತ್ತಾರೆ, ಕ್ವಿಂಟಲಿಗೆ ನಾಲ್ವರು ಬೇಕು, ಕೆಸರಿನಲ್ಲಿ ನಾಲ್ವರ ಹೆಜ್ಜೆ ಒಂದೇ ಸಮ ಬೀಳುವುದಿಲ್ಲ. ದೋಣಿ ತಯಾರಕರು ಹಲಗೆಯ ಬಳಿ ಬಡಿದಿರುವ ಫಲಕದಲ್ಲಿ ಗರಿಷ್ಠ ಅಶ್ವಶಕ್ತಿಯ ಮಿತಿ ಇರುತ್ತದೆ, ಅದನ್ನು ಮೀರಿದ ಮೋಟಾರು ಹಿಂಬದಿಯನ್ನು ತಗ್ಗಿಸಿ ನೀರು ನುಗ್ಗಿಸುತ್ತದೆ ಎಂಬುದು ಬೇರೆ ಮಾತು. ಇಬ್ಬರು ಎತ್ತಬಲ್ಲ 25 ಅಥವಾ 30 ಅಶ್ವಶಕ್ತಿಯ ಮೋಟಾರಿನ ಎರಡು ದೋಣಿಗಳು ಒಂದು ದೊಡ್ಡ ಮೋಟಾರಿನ ಒಂದು ದೋಣಿಗಿಂತ ಈ ಹೊಳೆಗಳಿಗೆ ಹೆಚ್ಚು ಹೊಂದುತ್ತವೆ. ಒಂದು ಕೆಟ್ಟರೆ ಇನ್ನೊಂದು ಅದನ್ನು ಎಳೆದು ತರಬಲ್ಲದು.

ಸಣ್ಣ ಮೋಟಾರಿಗೆ ದೊಡ್ಡ ಭಾರ ಹೊರಿಸುವ ಗುಟ್ಟು ಪಂಖದಲ್ಲಿದೆ. ಖರೀದಿಯ ಪತ್ರಗಳಲ್ಲಿ ಅಶ್ವಶಕ್ತಿಯ ಅಂಕಿ ದಪ್ಪಕ್ಷರದಲ್ಲಿದ್ದು ಪಂಖದ ಅಳತೆಯೇ ಕಾಣದಿದ್ದರೆ, ಅದು ಟಯರಿನ ಅಳತೆ ಹೇಳದೆ ಟ್ರ್ಯಾಕ್ಟರ್ ಕೊಂಡಂತೆ. ಪಂಖದ ಮೇಲೆ ಕೊರೆದಿರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಅದರ ವ್ಯಾಸ, ಎರಡನೆಯದು ಪಿಚ್. ಮರದಲ್ಲಿ ಸ್ಕ್ರೂ ಇಳಿಯುವಂತೆ ನೀರಿನಲ್ಲಿ ಪಂಖ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆಯೇ ಪಿಚ್. ನೀರು ಮರವಲ್ಲವಾದ್ದರಿಂದ ಪಂಖ ಒಂದಿಷ್ಟು ಜಾರುತ್ತದೆ, ಆ ನಷ್ಟಕ್ಕೆ ಸ್ಲಿಪ್ ಎಂದು ಹೆಸರು. ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗಿ, ಗೇರು ಅದನ್ನು 2.08ರಿಂದ ಭಾಗಿಸಿ, 10 ಇಂಚು ಪಿಚ್ಚಿನ ಪಂಖ ಹಾಕಿದ್ದರೆ ಲೆಕ್ಕದ ವೇಗ ಗಂಟೆಗೆ 40 ಕಿ.ಮೀ.; ಭಾರದ ದೋಣಿಯಲ್ಲಿ ಕಾಲುಭಾಗ ಸ್ಲಿಪ್ ಕಳೆದರೆ 30, ಅದರಲ್ಲಿ ಸೆಳವಿನ 11 ಕಳೆದರೂ ದಡದ ಲೆಕ್ಕದಲ್ಲಿ 19 ಕಿ.ಮೀ. ವೇಗದಲ್ಲಿ ಏರಬಹುದು. ಅದೇ ಮೋಟಾರಿಗೆ 13 ಇಂಚಿನದ್ದನ್ನು ಹಾಕಿದರೆ ಖಾಲಿ ದೋಣಿ ಇನ್ನೂ ವೇಗವಾಗಿ ಹೋಗುತ್ತದೆ ನಿಜ, ಆದರೆ ಭಾರ ಬಿದ್ದೊಡನೆ ಎಂಜಿನ್ ತನ್ನ ಬಲ ಹುಟ್ಟುವ ಸುತ್ತುಗಳಿಗೆ ಏರಲಾಗದೆ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಟಾಪ್ ಗೇರಿನಲ್ಲಿ ದಿಬ್ಬ ಹತ್ತುವ ಟ್ರ್ಯಾಕ್ಟರಿನಂತೆ ಉಬ್ಬಸಪಡುತ್ತದೆ. ಪಿಚ್ ಒಂದು ಇಂಚು ತಗ್ಗಿಸಿದರೆ ಎಂಜಿನ್ನಿಗೆ ಸುಮಾರು 150ರಿಂದ 200 ಸುತ್ತು ಹೆಚ್ಚು ಸಿಗುತ್ತದೆ. ಪೂರ್ತಿ ಭಾರ ಹೇರಿ, ಪೂರ್ತಿ ಆಕ್ಸಿಲರೇಟರ್ ತಿರುವಿ, ತಯಾರಕರು ಹೇಳಿದ ಸುತ್ತು ಬರುತ್ತದೆಯೇ ಎಂದು ಮೀಟರಿನಲ್ಲಿ ನೋಡುವುದೇ ಸರಿಯಾದ ಪಂಖಕ್ಕೆ ಇರುವ ಒಂದೇ ಪರೀಕ್ಷೆ.

ಪಂಖ ನೀರನ್ನು ಕಚ್ಚಬೇಕಾದರೆ ಮೋಟಾರಿನ ಕಂಬದ ಉದ್ದ ಹಲಗೆಯ ಎತ್ತರಕ್ಕೆ ಹೊಂದಬೇಕು. 15 ಇಂಚಿನ ಹಲಗೆಗೆ ಗಿಡ್ಡ ಕಂಬ, 20 ಇಂಚಿನದಕ್ಕೆ ಉದ್ದ ಕಂಬ, ಅಷ್ಟೇ. ಪಂಖದ ಮೇಲಿರುವ ಅಗಲ ತಗಡು ದೋಣಿಯ ತಳಕ್ಕೆ ಸಮವಾಗಿರದೆ ಮೇಲೆ ಉಳಿದರೆ ಪಂಖ ಮೇಲಿನ ಗಾಳಿಯನ್ನು ಎಳೆದುಕೊಂಡು, ಎಂಜಿನ್ ಕಿರುಚಿ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಬ್ಯಾರೇಜುಗಳ ಕೆಳಗೆ ನೊರೆ ಕಟ್ಟಿ ಕುದಿಯುವ ನೀರಿನಲ್ಲಿ ಎಂಥ ಪಂಖಕ್ಕೂ ಹಿಡಿತ ಸಿಗುವುದಿಲ್ಲ, ಅರ್ಧ ಗಾಳಿಯೇ ಇರುವ ಆ ನೀರು ಮರಳಿ ಗೋಡೆಯತ್ತಲೇ ಸುತ್ತಿ ಎಳೆಯುತ್ತದೆ. ಮುಳುಗಿ ಮೇಲಷ್ಟೇ ನೀರು ಹೊರಳುವ ಬ್ಯಾರೇಜಿನ ಹತ್ತಿರ ಹೋಗಲು ಯಾವ ಅಶ್ವಶಕ್ತಿಯೂ ಪರವಾನಗಿಯಲ್ಲ.

ಟೂಸ್ಟ್ರೋಕೋ ಫೋರ್‌ಸ್ಟ್ರೋಕೋ ಎಂಬ ವಾದಕ್ಕೆ ಇಲ್ಲಿ ಒಂದು ಸ್ಥಳೀಯ ತಿರುವಿದೆ. ಪೆಟ್ರೋಲಿನಲ್ಲೇ 50ಕ್ಕೆ 1ರಂತೆ ಆಯಿಲ್ ಬೆರೆಸುವ ಟೂಸ್ಟ್ರೋಕ್ ಹಗುರ, ಸರಳ, ಹಗ್ಗ ಎಳೆದರೆ ಶುರು, ಮಗುಚಿ ನೀರು ಕುಡಿದರೂ ಬೇಗ ಬಿಚ್ಚಿ ಒಣಗಿಸಬಹುದು. ಆದರೆ ಹೊಗೆ ಹೆಚ್ಚು, ಪೆಟ್ರೋಲ್ ಹೆಚ್ಚು. ಫೋರ್‌ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಅಶ್ವಶಕ್ತಿಯ ಮೂರನೇ ಒಂದು ಭಾಗದಷ್ಟು ಲೀಟರ್, ಅಂದರೆ 25ರದ್ದು ಸುಮಾರು 8 ಲೀಟರ್ ಕುಡಿದು, ಸದ್ದೂ ಕಡಿಮೆ ಮಾಡುವುದರಿಂದ ದೂರದಿಂದ ಕೂಗುವವರ ದನಿ ಕೇಳಿಸುತ್ತದೆ, ರಾತ್ರಿಯ ರಕ್ಷಣೆಯಲ್ಲಿ ಇದು ಸಣ್ಣ ಲಾಭವಲ್ಲ. ಸ್ಥಳೀಯ ತಿರುವು ಇರುವುದು ಇಂಧನದಲ್ಲಿ. ಇದೇ ಸೀಮೆಯ ಕಬ್ಬಿನಿಂದ, ಇದೇ ಸೀಮೆಯ ಕಾರ್ಖಾನೆಗಳಲ್ಲಿ ತಯಾರಾಗುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆತು ಬಂಕಿಗೆ ಬರುತ್ತದೆ. ಬಹುತೇಕ ಔಟ್‌ಬೋರ್ಡ್ ಕೈಪಿಡಿಗಳು ಒಪ್ಪುವುದು ಶೇ 10ರವರೆಗೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂಡುತ್ತದೆ. ಹತ್ತು ತಿಂಗಳು ಗೋದಾಮಿನಲ್ಲಿದ್ದು ಎರಡು ತಿಂಗಳು ದುಡಿಯುವ ರಕ್ಷಣಾ ಮೋಟಾರಿಗೆ ಇದಕ್ಕಿಂತ ದೊಡ್ಡ ಶತ್ರು ಬೇರಿಲ್ಲ. ಆದ್ದರಿಂದ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಎಥನಾಲ್ ತಡೆಯಬಲ್ಲ ಮಾದರಿಯನ್ನೇ ಕೇಳಿ ಪಡೆಯುವುದು, ಪೂರ ಇಳಿದ ಮೇಲೆ ಕಾರ್ಬ್ಯುರೇಟರಿನ ಹನಿಹನಿಯನ್ನೂ ಬಸಿದು ಇಡುವುದು, ಎರಡೂ ಆಗಬೇಕು.

ಇನ್ನು ರೇವೆ. ಔಟ್‌ಬೋರ್ಡ್ ಮೋಟಾರಿಗೆ ರೇಡಿಯೇಟರ್ ಇಲ್ಲ, ತಾನು ಈಜುವ ನೀರನ್ನೇ ಹೀರಿ ತಣ್ಣಗಾಗುತ್ತದೆ. ಆ ನೀರನ್ನು ಮೇಲಕ್ಕೆ ದೂಡುವುದು ಕಂಬದೊಳಗೆ ಅಡಗಿರುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ರಬ್ಬರ್ ಚಕ್ರ. ಅದರ ಎಸಳುಗಳು ಲೋಹದ ಬಟ್ಟಲಿಗೆ ಉಜ್ಜುತ್ತಲೇ ತಿರುಗುತ್ತವೆ. ಸ್ವಚ್ಛ ನೀರಿನಲ್ಲಿ ವರ್ಷಗಟ್ಟಲೆ ಬಾಳುವ ಈ ಎಸಳುಗಳನ್ನು ರೇವೆ ತುಂಬಿದ, ಚಹಾದ ಬಣ್ಣದ ಪೂರದ ನೀರು ಬೇಗ ತೆಳುವಾಗಿಸುತ್ತದೆ, ಬಿಚ್ಚಿ ನೋಡಿದರೆ ಅಂಚುಗಳು ಒಂದು ಬದಿಗೇ ಬಾಗಿ, ಬಟ್ಟಲಿನ ಗೋಡೆಯಲ್ಲಿ ಬೆರಳಿಗೆ ತಾಗುವಷ್ಟು ಗೆರೆಗಳು ಬಿದ್ದಿರುತ್ತವೆ. ಮೋಟಾರಿನ ಹಿಂದಿನಿಂದ ಸಣ್ಣ ಧಾರೆಯಾಗಿ ಹೊರಬೀಳುವ ನೀರೇ ಇದರ ಸಾಕ್ಷಿ: ಧಾರೆ ಬೆರಳಿಗೆ ಬೆಚ್ಚಗೆ ತಾಗಿ, ರಭಸದಿಂದ ಚಿಮ್ಮುತ್ತಿದ್ದರೆ ಸರಿ, ಹನಿಕಡಿದರೆ ಆ ಕ್ಷಣವೇ ನಿಲ್ಲಿಸಬೇಕು. ಈ ಚಕ್ರವನ್ನು ದಡದಲ್ಲೇ, ನಾಲ್ಕು ಬೋಲ್ಟು ಬಿಚ್ಚಿ ಬದಲಿಸಬಹುದಾದ ಮಾದರಿ ಯಾವುದು, ಅದರ ಬಿಡಿಭಾಗ ವಿಜಯಪುರ ಅಥವಾ ಹುಬ್ಬಳ್ಳಿಯವರೆಗಾದರೂ ಬರುತ್ತದೆಯೇ ಅಥವಾ ಮಂಗಳೂರಿನಿಂದ ತರಿಸಬೇಕೇ ಎಂದು ವಿಚಾರಿಸದೆ ಕೊಂಡ ಮೋಟಾರು ಮೊದಲ ಪೂರಕ್ಕೇ ಗೋದಾಮು ಸೇರುತ್ತದೆ.

ನೀರಿನೊಳಗೆ ಮತ್ತೂ ಏನೇನೋ ಇರುತ್ತವೆ. ಮುಳುಗಿದ ಕಬ್ಬಿನ ಹೊಲದ ಮೇಲೆ ದೋಣಿ ಹಾದರೆ ಎಲೆ, ರವದಿ ಪಂಖದ ಬುಡಕ್ಕೆ ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಪಂಪ್‌ಸೆಟ್ಟಿನ ಪೈಪು, ಹರಿದ ಬಲೆ, ಜಾಲಿಯ ಬೊಡ್ಡೆ, ಬಾಗಿದ ವಿದ್ಯುತ್ ತಂತಿ ಎಲ್ಲವೂ ಅದೇ ಕಂದು ನೀರಿನಡಿ ಕಾದಿರುತ್ತವೆ. ಬಡಿತ ಬಿದ್ದರೆ ಗೇರಿನ ಬದಲು ತಾನು ಮುರಿಯುವ ಸಣ್ಣ ಪಿನ್ನೋ, ಒಳಗೆ ಜಾರುವ ರಬ್ಬರ್ ಬುಷ್ಷೋ ಪಂಖಕ್ಕೆ ಇರಬೇಕು. ಅಲ್ಯುಮಿನಿಯಂ ಪಂಖ ಬಾಗಿ ಶಾಫ್ಟನ್ನು ಉಳಿಸುವುದರಿಂದ ಗಟ್ಟಿಯಾದ ಸ್ಟೀಲಿಗಿಂತ ಇಲ್ಲಿ ಅದೇ ಮೇಲು. ಪಂಖದ ಸುತ್ತ ಬಳೆಯಂತೆ ಕೂಡಿಸುವ ಗಾರ್ಡು ನೀರಿನಲ್ಲಿರುವವರ ಕೈಕಾಲು ಉಳಿಸುತ್ತದೆ, ವೇಗವನ್ನು ಒಂದಿಷ್ಟು ತಿನ್ನುತ್ತದೆ. ಜನರನ್ನು ನೀರಿನಿಂದಲೇ ಎತ್ತಬೇಕಾದ ದೋಣಿಗೆ ಆ ನಷ್ಟ ಒಪ್ಪತಕ್ಕದ್ದು. ನಡೆಸುವವನ ಮಣಿಕಟ್ಟಿಗೆ ಕಟ್ಟಿ, ಅವನು ಬಿದ್ದೊಡನೆ ಎಂಜಿನ್ ನಿಲ್ಲಿಸುವ ಕೆಂಪು ಹುರಿಯ ಬಗ್ಗೆ ಆಯ್ಕೆಯ ಪ್ರಶ್ನೆಯೇ ಇಲ್ಲ.

ಕೊಂಡ ಮೋಟಾರನ್ನು ಪೂರದ ದಿನವೇ ಮೊದಲು ನೀರಿಗೆ ಇಳಿಸುವುದಕ್ಕಿಂತ ಏಪ್ರಿಲ್-ಮೇ ತಿಂಗಳಲ್ಲಿ ಹಿನ್ನೀರಿಗೆ ಒಯ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಭಾರ ಹೇರಿ ಪಂಖ ಪರೀಕ್ಷಿಸಬಹುದು. ಜೊತೆಗೆ, ತುಂಬಿದಾಗ 519.60 ಮೀಟರ್ ಮುಟ್ಟುವ ಆಲಮಟ್ಟಿ ಜಲಾಶಯ ಆ ಹೊತ್ತಿಗೆ ಮೀಟರುಗಟ್ಟಲೆ ಇಳಿದಿರುವುದರಿಂದ, ಮುಳುಗಡೆಯಾದ ಊರುಗಳ ಗೋಡೆ, ಬಾವಿಯ ಕಟ್ಟೆ, ಒಣಗಿ ಕಪ್ಪಾದ ಜಾಲಿಗಿಡಗಳು ಒಂದೊಂದಾಗಿ ಬಯಲಿಗೆ ಬಂದಿರುತ್ತವೆ. ಆಗಸ್ಟ್‌ನಲ್ಲಿ ಪಂಖಕ್ಕೆ ತಾಗಲಿರುವ ಕಲ್ಲು ಯಾವುದೆಂದು ಆಗ ಹುಟ್ಟಿನ ತುದಿಯಿಂದ ಮುಟ್ಟಿ, ಎದುರಿನ ದಡದ ಮರವೊಂದನ್ನು ಗುರುತಿಗೆ ಇಟ್ಟುಕೊಂಡು ಬರಬಹುದು.