ಸೈಟ್ ನೋಡೋಕೆ ಹೋದ್ರೆ ನೀರಿನ ದಾರೀನೂ ನೋಡಿ

ಕಳೆದ ವರ್ಷ ದೊಡ್ಡಬಳ್ಳಾಪುರದ ಕಡೆ ಒಂದು ಸೈಟ್ ನೋಡೋಕೆ ಹೋಗಿದ್ದೆ. ಎದುರಿಗೇ ನಂದಿಬೆಟ್ಟ. ಅಪ್ಪನ ನಿವೃತ್ತಿ ಹಣದಲ್ಲಿ ಅಡ್ವಾನ್ಸ್ ಕೊಡೋದು ಅಂತ ಮನೆಯಲ್ಲಿ ಮಾತಾಗಿತ್ತು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಸುಮ್ಮನೆ ಮಾತಾಡಿಸಿದೆ. “ಇಲ್ಲಿ ಹಳ್ಳ ಇತ್ತು ಕಣಪ್ಪ. ಜೆಸಿಬಿ ತಂದು ಮಟ್ಟ ಮಾಡವ್ರೆ” ಅಂದರು.

ಸೈಟ್ ಕೊಳ್ಳುವಾಗ ನಾವು ಖಾತೆ, ಇಸಿ ಎಲ್ಲ ನೋಡ್ತೀವಿ. ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳಲ್ಲ.

ಬೆಟ್ಟದಿಂದ ರಭಸವಾಗಿ ಇಳಿಯುವ ನೀರು ಬುಡಕ್ಕೆ ಬಂದಾಗ ನಿಧಾನವಾಗುತ್ತೆ. ಹೊತ್ತು ತಂದ ಮಣ್ಣು, ಕಲ್ಲನ್ನು ಅಲ್ಲೇ ಬೀಸಣಿಗೆ ಥರ ಹರಡುತ್ತೆ. ಮಣ್ಣು ತುಂಬಿದ ಕಡೆ ಬಿಟ್ಟು ಹೊಸ ದಾರಿ ಹಿಡಿಯುತ್ತೆ. ಹಾಗಾಗಿ ಇವತ್ತು ಒಣಗಿರೋ ಜಾಗ ನಾಳೆಯೂ ಒಣಗಿರುತ್ತೆ ಅಂತ ಹೇಳೋಕಾಗಲ್ಲ. 2021ರ ಆಗಸ್ಟ್ 24ರ ರಾತ್ರಿಯ ಮಳೆಗೆ ನಂದಿಬೆಟ್ಟದ ಸಾಲಿನಲ್ಲೇ ಗುಡ್ಡ ಕುಸಿದು, ಮಣ್ಣು, ಬಂಡೆ ರಸ್ತೆಗೆ ಬಿದ್ದು ದಾರಿ ಬಂದ್ ಆಗಿತ್ತು.

ಬಯಲಿನಲ್ಲಿ ಕಥೆ ಬೇರೆ. ನಂದಿ ಸಾಲಿನಿಂದ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ಕಡೆಗೆ ಹರಿಯುತ್ತವೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ವರ್ಷಗಟ್ಟಲೆ ಕೆರೆ ತುಂಬದಿದ್ದರೆ ಕಾಲುವೆ ಇತ್ತು ಅನ್ನೋದೇ ಮರೆತುಹೋಗುತ್ತೆ. 2021ರ ಅಕ್ಟೋಬರ್ 11ರಂದು ದೇವನಹಳ್ಳಿ ವಿಮಾನ ನಿಲ್ದಾಣದ ರಸ್ತೆಯಲ್ಲಿ ನೀರು ನಿಂತು, ಪ್ರಯಾಣಿಕರು ಟ್ರ್ಯಾಕ್ಟರ್ ಹತ್ತಿದ್ದು ನೆನಪಿದೆಯಲ್ಲ?

ಇಷ್ಟು ಮಾಡಿ:

• ಸೈಟಿನಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ. ಸರ್ವೆ ನಂಬರ್ ಜೊತೆ ಹತ್ತಿರದ ಕೆರೆ, ಹಳ್ಳ ಕಾಣುತ್ತೆ. ಕಂದಾಯ ಇಲಾಖೆಯ ಗ್ರಾಮ ನಕಾಶೆ ಜೊತೆ ಹೋಲಿಸಿ.

• ಪಹಣಿಯಲ್ಲಿ ‘ಬ’ ಖರಾಬು ಎಷ್ಟಿದೆ ನೋಡಿ. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ ಇದರಲ್ಲೇ ಬರೋದು.

• ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರ ತೆಗೆದು, ಲೇಔಟ್ ಆಗೋ ಮೊದಲು ಜಾಗ ಹೇಗಿತ್ತು ನೋಡಿ.

• ಮೇಲಿನ ಕೆರೆಯ ಕೋಡಿ ಯಾವ ಕಡೆ ಅಂತ ಊರಿನ ಹಿರಿಯರನ್ನು ಕೇಳಿ. ಜೋರು ಮಳೆಯಾದ ಮರುದಿನ ಇನ್ನೊಂದು ಸಲ ಹೋಗಿ ಬನ್ನಿ.

• ಕೆರೆ, ಕಾಲುವೆಯಿಂದ ಎಷ್ಟು ದೂರ ಬಿಡಬೇಕು ಅಂತ ಆ ಜಾಗದ ಯೋಜನಾ ಪ್ರಾಧಿಕಾರದಲ್ಲೇ ವಿಚಾರಿಸಿ. ಏಜೆಂಟ್ ಮಾತು ಸಾಲದು.

ದಿಶಾಂಕ್‌ನಲ್ಲಿ ನೋಡಿದರೆ ಹಳ್ಳದ ಗೆರೆ ನಮ್ಮ ಸೈಟಿನ ಮೂಲೆಯಲ್ಲೇ ಹಾದುಹೋಗಿತ್ತು. ಅಡ್ವಾನ್ಸ್ ಕೊಡಲಿಲ್ಲ. ಅಪ್ಪನಿಗೆ ಸ್ವಲ್ಪ ದಿನ ಬೇಜಾರಿತ್ತು. ಈಗ ಯಾರೇ ಸೈಟ್ ವಿಷಯ ಎತ್ತಿದರೂ ಅವರೇ ಮೊದಲು ಕೇಳೋದು: “ಕೋಡಿ ಯಾವ ಕಡೆ?”