ಬಂಡಾಯದ ಕೂಟ: ಮಿಶ್ರಣವೋ, ಸಂಯುಕ್ತವೋ?



ಒಂದೇ ಸರ್ಕಾರದ ವಿರುದ್ಧ ಬಂಡೆದ್ದ ಹಲವು ಗುಂಪುಗಳು ಒಂದಾಗುವುದೇಕೆ? ಒಂದಾದವು ಮತ್ತೆ ಬೇರೆಯಾಗುವುದೇಕೆ? ಉತ್ತರಕ್ಕಾಗಿ ದೂರದ ದೇಶಗಳಿಗೇ ಹೋಗಬೇಕಿಲ್ಲ. ನಮ್ಮಲ್ಲೇ ನಡೆದ 1830-31ರ ನಗರ ಬಂಡಾಯವನ್ನು ನೋಡೋಣ.

ನಗರ ಎಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಆಗ ನಗರ, ಚಿತ್ರದುರ್ಗ ಎರಡೂ ಮೈಸೂರು ಸಂಸ್ಥಾನದ ಫೌಜುದಾರಿಗಳು. ಅರಸರು ಮುಮ್ಮಡಿ ಕೃಷ್ಣರಾಜ ಒಡೆಯರು. ಕಂದಾಯಕ್ಕೆ 'ಶರ್ತು' ಪದ್ಧತಿ ಇತ್ತು. ಅಮಲ್ದಾರ ಇಂತಿಷ್ಟು ಹಣ ಕೊಡುವೆನೆಂದು ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಕೊನೆಗೆ ಆ ಭಾರ ರೈತನ ಬೆನ್ನಿಗೇ ಬೀಳುತ್ತಿತ್ತು. 1830ರಲ್ಲಿ ರೈತರು ಗುಂಪುಗೂಡಿ ಕಂದಾಯ ಕೊಡೆವೆಂದರು. ಈ ಸಭೆಗಳಿಗೆ 'ಕೂಟ' ಎಂದೇ ಹೆಸರಾಯಿತು.

ಕೂಟದ ಜೊತೆಗೆ ಇನ್ನಿಬ್ಬರು ಸೇರಿದರು. ನಗರದ ಗದ್ದುಗೆ ತನ್ನದೆಂದ ಬೂದಿ ಬಸವಪ್ಪ ಒಬ್ಬ. ತರೀಕೆರೆ ಪಾಳೆಯಗಾರರ ಮನೆತನದ ಸರ್ಜಾ ರಂಗಪ್ಪನಾಯಕ ಇನ್ನೊಬ್ಬ. ಭೂಪಟ ತೆರೆದು ನೋಡಿ. ಹೊಸದುರ್ಗದಿಂದ ಪಶ್ಚಿಮಕ್ಕೆ ತರೀಕೆರೆ ಸೀಮೆ. ಹೊಳಲ್ಕೆರೆಗೆ ಚನ್ನಗಿರಿ ನೆರೆಯ ತಾಲ್ಲೂಕು. ಬಂಡಾಯದ ಬಿಸಿ ಚಿತ್ರದುರ್ಗದ ಸೀಮೆಗೂ ತಟ್ಟಿದ್ದು ಆಶ್ಚರ್ಯವಲ್ಲ.

ರೈತರಲ್ಲಿ ಜನಬಲವಿತ್ತು. ಪಾಳೆಯಗಾರನಿಗೆ ಕಾದಾಟದ, ಕೋಟೆಗಳ ಪರಿಚಯವಿತ್ತು. ಬಸವಪ್ಪನ ಬಾಯಲ್ಲಿ ಹಳೆಯ ಅರಸು ಮನೆತನದ ಹೆಸರಿತ್ತು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ಎದುರಾಳಿ ಒಬ್ಬನೇ. ಆದ್ದರಿಂದ ಒಂದಾದರು.

ಪ್ರಯೋಗಶಾಲೆಯಲ್ಲಿ ನೀವು ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಬೆರೆಸಿರಬಹುದು. ಕಾಯಿಸದಿದ್ದರೆ ಅದು ಬರೀ ಮಿಶ್ರಣ; ಅಯಸ್ಕಾಂತ ಹಿಡಿದರೆ ಕಬ್ಬಿಣ ಬೇರೆಯಾಗುತ್ತದೆ. ಕೂಟವೂ ಹಾಗೆಯೇ. 'ಬೇಡ' ಎನ್ನುವುದು ಎಲ್ಲರಿಗೂ ಒಂದೇ. 'ಬೇಕು' ಎನ್ನುವುದು ಬೇರೆ ಬೇರೆ. ರೈತನಿಗೆ ಬೇಕಿದ್ದುದು ನ್ಯಾಯವಾದ ಕಂದಾಯ, ಉಳಿದಿಬ್ಬರಿಗೆ ಅಧಿಕಾರ. ದೂರು ಕೇಳುತ್ತೇವೆಂಬ ಭರವಸೆ ಸಿಕ್ಕರೆ ರೈತ ಹೊಲಕ್ಕೆ ಮರಳಬಲ್ಲ. ಗದ್ದುಗೆ ಕೇಳಿದವನಿಗೆ ಆ ದಾರಿಯಿಲ್ಲ.

1831ರ ಜೂನ್‌ನಲ್ಲಿ ಬ್ರಿಟಿಷ್ ಸೇನೆ ನಗರವನ್ನು ಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತವನ್ನೇ ಅರಸರಿಂದ ತೆಗೆದುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಮೂವರು ಕೂಡಿ ಹೂಡಿದ ಹೋರಾಟದ ಫಲ ನಾಲ್ಕನೆಯವನ ಪಾಲಾಯಿತು!

ಆಫ್ಘಾನಿಸ್ತಾನದಲ್ಲೂ ಇಂಥದೇ ನಡೆಯಿತು. 1992ರಲ್ಲಿ ನಜೀಬುಲ್ಲಾ ಸರ್ಕಾರ ಬಿದ್ದ ಮೇಲೆ ಅದನ್ನು ಎದುರಿಸಿದ್ದ ಮುಜಾಹಿದೀನ್ ಬಣಗಳೇ ಕಾಬೂಲ್‌ಗಾಗಿ ತಮ್ಮೊಳಗೆ ಕಾದಾಡಿದವು. ಸತ್ತವರಲ್ಲಿ ಯಾವ ಬಣಕ್ಕೂ ಸೇರದ ಸಾಮಾನ್ಯರೇ ಬಹಳ.

ಇನ್ನು ಮುಂದೆ ಪತ್ರಿಕೆಯಲ್ಲಿ 'ಬಂಡುಕೋರರ ಒಕ್ಕೂಟ' ಎಂಬ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇವರಿಗೆ ಬೇಡವಾದದ್ದು ಏನು? ಗೆದ್ದ ಮರುದಿನ ಯಾರಿಗೆ ಏನು ಬೇಕು? ಎರಡನೆಯದಕ್ಕೆ ಒಂದೇ ಉತ್ತರ ಸಿಗದಿದ್ದರೆ, ಅದು ಇನ್ನೂ ಮಿಶ್ರಣವೆಂದೇ ತಿಳಿಯಿರಿ.